ಹಯವದನರಾಯರು ನಿದ್ದೆಯಲ್ಲಿ ಗೆದ್ದ ರೇಸು

ಅಹಮದಾಬಾದಿನ ಮಣಿನಗರದ ಕನ್ನಡ ಮನೆಗಳಲ್ಲಿ ಆ ಕಾಲಕ್ಕೆ ಮೋಟಾರು ಎಂದರೆ ಹಯವದನರಾಯರು, ಹಯವದನರಾಯರೆಂದರೆ ಮೋಟಾರು. ಮೋಟಾರಿಗೆ ಬೇಕಾದದ್ದೆಲ್ಲ ಅವರ ಹತ್ತಿರ ಇತ್ತು. ಚರ್ಮದ ಕೈಗವಸು ಇತ್ತು, ಕಪ್ಪು ಕನ್ನಡಕ ಇತ್ತು, ಮುಂಬಯಿಯಿಂದ ತರಿಸಿದ ಚೌಕುಳಿಯ ಟೊಪ್ಪಿಗೆ ಇತ್ತು, ಗೇರು ಹಾಕುವ ಬಗೆಯ ಮೇಲೆ ನಿಂತ ಕಾಲಲ್ಲಿ ಒಂದು ತಾಸು ಮಾತಾಡುವ ಶಕ್ತಿ ಇತ್ತು. ಓಡಿಸುವುದು ಮಾತ್ರ ಅಷ್ಟಕ್ಕಷ್ಟೆ. ಅದು ಅವರ ಹೆಂಡತಿ ಸುಲೋಚನಾಳಿಗೆ ಬರುತ್ತಿತ್ತು. ಆದರೆ ಹೆಂಗಸರಿಗೆ ಬರುವುದನ್ನೆಲ್ಲ ವಿದ್ಯೆ ಎಂದು ಲೆಕ್ಕಕ್ಕೆ ಹಿಡಿಯುತ್ತ ಕೂತರೆ ಗಂಡಸರು ಎಲ್ಲಿಗೆ ಹೋಗಬೇಕು? ಅವಳ ಹೋಳಿಗೆಯನ್ನು ಮಾತ್ರ ಎಲ್ಲರೂ ಹೊಗಳುತ್ತಿದ್ದರು.

ರಾಯರು ಮೂಲತಃ ಧಾರವಾಡದವರು. ಧಾರವಾಡವೂ ಅಹಮದಾಬಾದೂ ಒಂದೇ ಮುಂಬಯಿ ರಾಜ್ಯದಲ್ಲಿದ್ದಾಗ ವಿಮಾ ಕಚೇರಿಯವರು ಅವರನ್ನು ಇಲ್ಲಿಗೆ ವರ್ಗ ಮಾಡಿದರು. ಆಮೇಲೆ ರಾಜ್ಯಗಳು ಒಡೆದು ಬೇರೆಬೇರೆಯಾದವು, ನಕಾಶೆಗಳು ಬದಲಾದವು, ರಾಯರನ್ನು ವಾಪಸು ಕರೆಯುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಆ ಬೇಸರಕ್ಕೋ ಏನೋ, ಊರು ಬಿಟ್ಟು ಹೊರಟಿದ್ದ ಒಬ್ಬ ಪಾರ್ಸಿ ಗೃಹಸ್ಥನಿಂದ ಅವರು ಒಂದು ಹಳೆಯ ಕಾರು ಕೊಂಡರು. ಯಾವ ಕಂಪನಿಯದೆಂದು ಹೇಳುವುದು ಬೇಡ, ಪಾಪ, ಕಂಪನಿಯವರಿಗೂ ಮಾನಮರ್ಯಾದೆ ಇರುತ್ತದೆ. ಕೊಳ್ಳಬಹುದಾದ ಕಾರುಗಳಲ್ಲೆಲ್ಲ ಅದು ಅಗ್ಗದ್ದು, ಚಿಕ್ಕದು. ಓಣಿಯ ಜನ ಅದನ್ನು ಡಬ್ಬಿ ಎಂದು ಕರೆದರು. ಮೊದಲು ಸಿಟ್ಟಾಗುತ್ತಿದ್ದ ರಾಯರು ವರ್ಷ ಕಳೆಯುವಷ್ಟರಲ್ಲಿ ತಾವೂ ಹಾಗೇ ಕರೆಯತೊಡಗಿದರು.

ಓಡಿಸಲು ಕಲಿಸುವುದಕ್ಕೆ ಹಮೀದ್‌ಭಾಯಿ ಎಂಬ ನಿವೃತ್ತ ಮಿಲಿಟರಿ ಡ್ರೈವರ್ ಬೆಳಗಾಗುವ ಮುಂಚೆ ಬಂದು ಬಾಗಿಲಲ್ಲಿ ಕೂರುತ್ತಿದ್ದ. ರಾಯರಿಗೆ ಆ ಹೊತ್ತು ಸ್ನಾನ, ಸಂಧ್ಯಾವಂದನೆ, ಆಮೇಲೆ ಕಾಫಿ, ಆಮೇಲೆ ಪತ್ರಿಕೆ. ಬಂದ ಮನುಷ್ಯ ಸುಮ್ಮನೆ ಕೂತು ಹೋಗುವುದು ಚೆಂದವಲ್ಲವೆಂದು ರಾಯರೇ ಹೆಂಡತಿಗೆ, “ನಾ ಬರೂತನಕ ನೀನರ ಒಂದ ಸುತ್ತ ಹೊಡಕೊಂಡ ಬಾ” ಎಂದರು. ಹೀಗೆ ಸುಲೋಚನಾ ಕಾಂಕರಿಯಾ ಕೆರೆಯ ಸುತ್ತ ಒಂದು ಸುತ್ತು ಹೊಡೆದಳು, ಮರುದಿನ ಎರಡು ಹೊಡೆದಳು. ಕಚ್ಚೆ ಸೀರೆ ಉಟ್ಟ ಕಾಲಿಗೆ ಕ್ಲಚ್ಚು, ಬ್ರೇಕು ಯಾವುದೂ ತೊಡಕಾಗಲಿಲ್ಲ. ಲೈಸನ್ಸಿನ ಪರೀಕ್ಷೆಯಲ್ಲಿ ಅವಳು ಮೊದಲ ಸಲಕ್ಕೇ ಪಾಸಾದಳು. ರಾಯರಿಗೆ ಲೈಸನ್ಸು ಕೊಡುವ ಮುಂಚೆ ಪರೀಕ್ಷಕರು ಇನ್ನಷ್ಟು ಅವಕಾಶ ಕೊಟ್ಟರು.

ಸ್ಟಿಯರಿಂಗ್ ಹಿಡಿದರೆ ಅವಳಿಗೆ ಖುಷಿಯಾಗುತ್ತಿತ್ತು. ಅದಕ್ಕೆ ಬೇರೆ ಅರ್ಥ ಹುಡುಕಬೇಕಾಗಿಲ್ಲ, ಬರೀ ಖುಷಿ. ಆದರೆ ಹಮೀದ್‌ಭಾಯಿಯ ತಿಂಗಳು ಮುಗಿದ ಮೇಲೆ ಅವಳ ಪಾಲಿಗೆ ಉಳಿದದ್ದು ಅದೇ ಕೆರೆ, ಅದೂ ಜನ ಏಳುವ ಮುಂಚೆ. ಗಾಣದ ಎತ್ತಿನ ಹಾಗೆ ಸುತ್ತಿದಲ್ಲೇ ಸುತ್ತಿ ಸಾಕಾಗಿ, ಒಮ್ಮೆಯಾದರೂ ಕಣ್ಣು ಹಾಯಿಸಿದಷ್ಟು ದೂರ ನೇರವಾಗಿ ಹೋಗುವ ರಸ್ತೆಯ ಮೇಲೆ ಓಡಿಸಬೇಕೆಂದು ಅವಳಿಗೆ ಆಸೆ. ಹೇಳಿದರೆ ರಾಯರು, “ನೋಡೂಣಂತ” ಅನ್ನುತ್ತಿದ್ದರು. ಅವರ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ.

ಅಷ್ಟರಲ್ಲಿ ರೇಸು ಬಂತು. ಊರಿನ ಹವ್ಯಾಸಿ ಮೋಟಾರು ಸಂಘದವರು ಸಂಕ್ರಾಂತಿಯ ಗಾಳಿಪಟದ ಗದ್ದಲ ಮುಗಿದ ಮೇಲಿನ ಭಾನುವಾರ ಕಾರುಗಳ ತಾಳಿಕೆಯ ಪಂದ್ಯ ಏರ್ಪಡಿಸಿದರು. ನಸುಕಿಗೆ ಅಹಮದಾಬಾದ್ ಬಿಟ್ಟು, ಬರೋಡಾ ಹಾಯ್ದು ಸೂರತ್ ಮುಟ್ಟಿ, ಅದೇ ದಾರಿಯಿಂದ ರಾತ್ರಿ ಎಂಟರೊಳಗೆ ತಿರುಗಿ ಬರಬೇಕು. ಬರೋಡಾದಲ್ಲಿ, ಸೂರತ್ತಿನಲ್ಲಿ ಸಂಘದವರಿಂದ ಚೀಟಿಯ ಮೇಲೆ ಠಸ್ಸೆ ಹಾಕಿಸಬೇಕು. ಎಲ್ಲರಿಗಿಂತ ಮೊದಲು ಬರಬೇಕೆಂದಿಲ್ಲ, ಬಂದರೆ ಸಾಕು. ಒಂದು ಕಾರಿಗೆ ಇಬ್ಬರು, ಇಬ್ಬರಿಗೂ ಲೈಸನ್ಸು ಇರಬೇಕು. ಮಿಲ್ ಮಾಲಿಕರ ಮಕ್ಕಳು ತಮ್ಮ ಹಡಗಿನಂಥ ವಿಲಾಯತಿ ಕಾರುಗಳ ಹೆಸರು ಬರೆಸಿದರು. ರಾಯರು ಡಬ್ಬಿಯ ಹೆಸರು ಬರೆಸಿದರು.

ಜೊತೆಗೆ ಬರುತ್ತೇನೆಂದಿದ್ದ ಕಚೇರಿಯ ಶ್ರೀಪಾದನಿಗೆ, ರಾಯರು ತನ್ನನ್ನು ಒಂದು ಸಂಜೆ ನರೋಡಾದತನಕ ಕಾರಿನಲ್ಲಿ ಕರೆದುಕೊಂಡು ಹೋಗಿ ಬಂದ ಮೇಲೆ, ಇದ್ದಕ್ಕಿದ್ದ ಹಾಗೆ ಹೊಟ್ಟೆನೋವು ಹತ್ತಿಕೊಂಡಿತು. ಲೈಸನ್ಸು ಇರುವ ಇನ್ನೊಂದು ಜೀವ ರಾಯರ ಪರಿಚಯದಲ್ಲಿ ಒಂದೇ ಇತ್ತು, ಅದು ಅಡಿಗೆಮನೆಯಲ್ಲಿತ್ತು.

“ಬರ್ತೀನಿ. ಆದರ ಬರೇ ಠಸ್ಸೆ ಹೊಡಸಲಿಕ್ಕೆ ಬರೂದಿಲ್ಲ. ನಾನೂ ಓಡಸಬೇಕು” ಎಂದಳು ಸುಲೋಚನಾ.

“ಓಡಸೀಯಂತ. ಹೋಗೂ ಮುಂದ ನಾ, ಬರೂ ಮುಂದ ನೀ. ಆತಿಲ್ಲೊ?”

“ದೇವರ ಮುಂದ ನಿಂತು ಹೇಳ್ರಿ.”

ರಾಯರು ದೇವರ ಮುಂದೆ ನಿಂತು ಹೇಳಿದರು. ದೇವರ ಮುಂದೆ ಹೇಳುವುದು ಅವರಿಗೆ ಕಷ್ಟದ ಕೆಲಸವಾಗಿರಲಿಲ್ಲ, ಯಾಕೆಂದರೆ ದೇವರು ಎದುರು ಮಾತಾಡುವುದಿಲ್ಲ. ಸುಲೋಚನಾ ಮಾತ್ರ ಆ ರಾತ್ರಿ ಸೂರತ್ತಿನಿಂದ ಅಹಮದಾಬಾದಿನವರೆಗಿನ ರಸ್ತೆಯನ್ನು ಮನಸ್ಸಿನಲ್ಲೇ ನಾಲ್ಕು ಸಲ ಓಡಿಸಿದಳು.

ಈಗ ರಾಯರು ಮಾಡಿದ ತಪ್ಪಿಗೆ ಬರಬೇಕು. ಬೇರೆ ಯಾರಾದರೂ ಆಗಿದ್ದರೆ ಕಾರಿನ ಟೈರು ನೋಡುತ್ತಿದ್ದರು, ರೇಡಿಯೇಟರ್ ನೋಡುತ್ತಿದ್ದರು. ಪರವೂರಿನ ಕನ್ನಡಿಗರಾದ ರಾಯರು ಮೊದಲು ಮಾಡಿದ ಕೆಲಸವೆಂದರೆ ಬರೋಡಾದ ಕನ್ನಡ ಸಂಘಕ್ಕೂ ಸೂರತ್ತಿನ ಕನ್ನಡ ಸಂಘಕ್ಕೂ ತಾವು ಬರುವ ಸುದ್ದಿ ಮುಟ್ಟಿಸಿದ್ದು. ಸಂಘಗಳು ಮೈಕೊಡವಿ ಎದ್ದವು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಹಾಗೆ ಕಾರು ಹೊರಡುವ ಮುಂಚೆಯೇ ಎರಡೂ ಊರಲ್ಲಿ ಸನ್ಮಾನದ ಹಾರಗಳು ತಯಾರಾದವು.

ಭಾನುವಾರ ಕಾಂಕರಿಯಾ ಹತ್ತಿರದ ಮೈದಾನದಿಂದ ಕಾರುಗಳು ಹೊರಟವು. ದೊಡ್ಡ ಕಾರುಗಳು ಧೂಳೆಬ್ಬಿಸಿ ಕಣ್ಮರೆಯಾದವು. ಡಬ್ಬಿ ಆ ಧೂಳನ್ನೆಲ್ಲ ಪೂರ್ತಿ ಕುಡಿದು, ಕೆಮ್ಮಿ, ನಡಿಯಾದ್, ಆಣಂದ್ ದಾಟಿ ಬರೋಡಾ ಸೇರಿತು. ಅಲ್ಲಿ ಠಸ್ಸೆ ಬೀಳುವುದಕ್ಕೆ ಹಿಡಿದದ್ದು ಒಂದು ನಿಮಿಷ. ಉಳಿದದ್ದನ್ನು ಬ್ಯಾಂಕಿನ ಗುಂಡಪ್ಪ ಹಿಡಿದ. ಮೈಸೂರು ಕಡೆಯ ಈ ಮನುಷ್ಯ ಬರೋಡಾ ಕನ್ನಡ ಸಂಘದ ಕಾರ್ಯದರ್ಶಿ.

“ಏನ್ ಸಾರ್ ಇದು, ಬೆಳಗಿನ ಜಾವದಿಂದ ಕಾಯ್ತಾ ಇದೀವಿ. ಮನೆ ಇಲ್ಲೇ ಮಂಜಲ್‌ಪುರದಲ್ಲಿ. ಹೀಗೆ ಬಂದು ಹಾಗೆ ಹೋಗ್ಬಿಡಿ.”

“ಏನ್ರೀ, ಹೊತ್ತಾಗ್ತದ” ಎಂದು ಸುಲೋಚನಾ ಮೆಲ್ಲಗೆ ಅಂದಳು. ಆದರೆ ಕಾಯ್ದವರ ಮನೆಗೆ ಹೋಗದಿದ್ದರೆ ಹೇಗೆ? ಹೋದರು. ಹೋದ ಮೇಲೆ ತಿನ್ನದಿದ್ದರೆ ಹೇಗೆ? ಉಪ್ಪಿಟ್ಟು ತಿಂದರು, ಕೇಸರಿಬಾತು ತಿಂದರು. ತಿಂದ ಮೇಲೆ ಸ್ವಾಗತಗೀತೆ ಕೇಳದೆ ಏಳುವುದು ಹೇಗೆ? ಗುಂಡಪ್ಪನ ಹೆಂಡತಿ ಕಮಲಾಕ್ಷಿ ಸುಲೋಚನಾಳ ಹಣೆಗೆ ಕುಂಕುಮ ಹಚ್ಚುತ್ತ, “ನೀವೂ ಓಡಿಸ್ತೀರಾ?” ಎಂದು ಕಿವಿಯಲ್ಲಿ ಕೇಳಿದಳು. “ಬರೂ ಮುಂದ ನಾನ” ಎಂದಳು ಸುಲೋಚನಾ. ಹಾಗೆ ಹೇಳುವಾಗ ಅವಳಿಗೆ ಮದುವಣಗಿತ್ತಿಗಿಂತ ಹೆಚ್ಚು ನಾಚಿಕೆಯಾಯಿತು.

ಸೂರತ್ತಿನಲ್ಲಿ ಉಪ್ಪಿಟ್ಟಿಗೆ ಬದಲು ಬಾಳೆಲೆ. ಉಡುಪಿಯ ಕಡೆಯಿಂದ ಬಂದು ಹೋಟೆಲು ಇಟ್ಟಿದ್ದ ನಾರಾಯಣ ಅಲ್ಲಿಯ ಸಂಘದ ಅಧ್ಯಕ್ಷ. ಠಸ್ಸೆ ಹಾಕಿಸಿಕೊಂಡು ತಿರುಗಿ ಹೊರಡಬೇಕಿದ್ದ ರಾಯರ ಕೈಯನ್ನು ಅವನು ಬಿಡಲೇ ಇಲ್ಲ.

“ಎಂತ ಮಾರಾಯ್ರೆ, ಊಟ ಮಾಡದೆ ಹೋಗ್ಲಿಕ್ಕುಂಟಾ? ಮತ್ತೆ ಜನ ನನಗೆ ಎಂತ ಹೇಳಿಯಾರು?”

ರಾಯರು ಒಂದು ಸಲ ಊಟ ಮಾಡಿದರು. ಪಾಯಸಕ್ಕೆ ಒತ್ತಾಯವಾಯಿತೆಂದು ಇನ್ನೊಂದು ಸಲ ಮಾಡಿದರು. ಅಷ್ಟರಲ್ಲಿ ಯಾರೋ ಸೂರತ್ತಿನ ಚಳಿಗಾಲದ ಪೋಂಕ್ ತಂದು ಮುಂದಿಟ್ಟರು. ಎಳೆ ಜೋಳದ ತೆನೆ ಸುಟ್ಟು ಉಜ್ಜಿದ್ದು, ಮೇಲೆ ಸೇವು, ನಿಂಬೆಹಣ್ಣು. “ಅಯ್ಯ, ನಮ್ಮ ಸೀತನೀನ ಅಲ್ಲಾ ಇದು!” ಎಂದು ರಾಯರಿಗೆ ಧಾರವಾಡ ನೆನಪಾಗಿ ಕಣ್ಣಲ್ಲಿ ನೀರು ಬಂತು. ನೀರು ಒರೆಸಿಕೊಂಡು ಮೂರು ಬೊಗಸೆ ತಿಂದರು. ಬಾಯಾಡಿಸುತ್ತಲೇ ಎದ್ದು ಕನ್ನಡಿಗರ ತಾಳ್ಮೆಯ ಬಗ್ಗೆ ಮಾತಾಡಿದರು. ಕೇಳುತ್ತ ಕೂತವರಿಗೆ ಆ ಗುಣ ಇದ್ದದ್ದಂತೂ ನಿಜ.

ಕೊನೆಗೆ ಸುಲೋಚನಾ ಹೋಗಿ ಡ್ರೈವರಿನ ಬಾಗಿಲು ತೆರೆದಳು. ರಾಯರು ಸುತ್ತ ನೆರೆದವರನ್ನು ನೋಡಿ ಟೊಪ್ಪಿಗೆ ಸರಿಮಾಡಿಕೊಂಡರು.

“ಈ ಕಡೆ ಬಾ. ನಾನ ಓಡಸ್ತೀನಿ.”

“ದೇವರ ಮುಂದ ಏನ ಹೇಳಿದ್ರಿ?”

“ಇಷ್ಟ ಮಂದಿ ಮುಂದ ಹೆಣ್ಣಮಗಳ ಕೈಯಾಗ ಗಾಡಿ ಕೊಟ್ಟು ನಾ ಬಾಜೂಕ ಕೂಡ್ಲೇನು? ಊರ ದಾಟಲಿ, ಕೊಡ್ತೀನಿ.”

ಊರು ದಾಟಿತು, ಕೊಡಲಿಲ್ಲ. ಸುಲೋಚನಾಳಿಗೆ ಅಳು ಬಂತು. ಆದರೆ ಅಳುತ್ತ ಕೂತರೆ ದಾರಿ ಕಾಣುವುದಿಲ್ಲವೆಂದು ತಡೆದುಕೊಂಡಳು. ದಾರಿ ನೋಡುವವರು ಆ ಕಾರಿನಲ್ಲಿ ಆಗ ಒಬ್ಬರೇ ಇದ್ದರು, ಯಾಕೆಂದರೆ ರಾಯರ ಕಣ್ಣ ಮೇಲೆ ಎರಡು ಊಟ ಮತ್ತು ಮೂರು ಬೊಗಸೆ ಪೋಂಕ್ ಕೂತಿದ್ದವು. ಡಬ್ಬಿ ತಾನೇ ಯೋಚನೆ ಮಾಡಿ ರಸ್ತೆ ಬಿಟ್ಟು ಒಂದು ಹತ್ತಿಯ ಹೊಲದ ಬದುವಿಗೆ ಮುಖವಿಟ್ಟು ನಿಂತಿತು.

“ಐದ ನಿಮಿಷ ಕಣ್ಣ ಮುಚ್ಚತೀನಿ. ನೀ ಒಂದಿಷ್ಟ ಮುಂದ ತಗೊ” ಎಂದು ರಾಯರು ಆ ಕಡೆ ಸರಿದರು. “ನರ್ಮದಾ ಬ್ರಿಜ್ ಬಂದ ಕೂಡ್ಲೆ ನನ್ನ ಎಬ್ಬಸು. ಅದು ನಿನ್ನ ಕೈಲೆ ಆಗೂದಲ್ಲ.”

ಕೈಗವಸು, ಟೊಪ್ಪಿಗೆ, ಕನ್ನಡಕದ ಸಮೇತ ಅವರು ಗೊರಕೆ ಹೊಡೆಯತೊಡಗಿದರು. ಸುಲೋಚನಾ ಸೆರಗು ಬಿಗಿದು ಕೂತಳು. ಅಂಕಲೇಶ್ವರದತನಕ ರಸ್ತೆ ಹಗ್ಗ ಎಳೆದಷ್ಟು ನೇರ. ಕೆರೆಯಿಲ್ಲ, ಸುತ್ತಿಲ್ಲ. ಅವಳಿಗೆ ಹಾಡಬೇಕೆನ್ನಿಸಿತು, ಗಂಡ ಏಳುತ್ತಾರೆಂದು ಹಾಡಲಿಲ್ಲ.

ಬ್ರಿಜ್ ಬಂತು. ಭರೂಚಿನ ಆ ಕಬ್ಬಿಣದ ಸೇತುವೆ ಬಹಳ ಉದ್ದ, ಬಹಳ ಇಕ್ಕಟ್ಟು. ಎಬ್ಬಿಸಿದರೆ ಅವರು ಸ್ಟಿಯರಿಂಗ್ ತೆಗೆದುಕೊಳ್ಳುತ್ತಾರೆ, ತೆಗೆದುಕೊಂಡರೆ ಅಹಮದಾಬಾದಿನ ತನಕ ಬಿಡುವುದಿಲ್ಲ. ಸುಲೋಚನಾ ಎಬ್ಬಿಸಲಿಲ್ಲ. ಸೇತುವೆ ಹತ್ತಿ ಸಾಕಷ್ಟು ಮುಂದೆ ಹೋಗುವಷ್ಟರಲ್ಲಿ ಎದುರಿಗೆ ಒಂದು ಹತ್ತಿ ತುಂಬಿದ ಗಾಡಿ, ಅದನ್ನು ದಾಟಿಕೊಂಡು ಮುಂದೆ ಬರಲು ಹೋಗಿ ಅಡ್ಡವಾದ ಒಂದು ಲಾರಿ. ದಾರಿ ಮುಚ್ಚಿಹೋಯಿತು. ಲಾರಿಯವನು ಇಳಿದು ಬಂದು ಕಾರಿನೊಳಗೆ ಇಣುಕಿದ.

“ಬೆನ್, ಸೇಠ್ ಕೋ ಜಗಾವೋ. ಗಾಡಿ ಪೀಛೆ ಲೇನಾ ಪಡೇಗಾ.”

ತಂಗಿ, ಸೇಠನನ್ನು ಎಬ್ಬಿಸು, ಗಾಡಿ ಹಿಂದಕ್ಕೆ ತೆಗೆಯಬೇಕು ಎಂದರೆ ಅದು ಹೆಂಗಸಿನ ಕೆಲಸವಲ್ಲ ಎಂದು ಅವನೂ ಹೇಳಿದ ಹಾಗಾಯಿತು. ಸುಲೋಚನಾ ತುಟಿಯ ಮೇಲೆ ಬೆರಳಿಟ್ಟಳು. ಕೆಳಗೆ ನರ್ಮದೆ, ಕಂಬಿಗೂ ಕಾರಿಗೂ ನಡುವೆ ಒಂದು ಮೊಳ ಜಾಗ. ಕತ್ತು ಹಿಂದೆ ತಿರುಗಿಸಿ, ಹಾರ್ನ್ ಮುಟ್ಟದೆ, ಮೆಲ್ಲಗೆ ಕ್ಲಚ್ಚು ಬಿಟ್ಟಳು. ಡಬ್ಬಿ ಒಮ್ಮೆ ಕಂಬಿಯ ಕಡೆ ವಾಲಿತು, ಅವಳು “ನಮ್ಮಪ್ಪಾ ರಾಯರ” ಎಂದು ಮಂತ್ರಾಲಯದ ರಾಯರನ್ನು ಕರೆದಳು, ಪಕ್ಕದ ರಾಯರನ್ನಲ್ಲ. ಬಂದಷ್ಟು ದೂರವೂ ಹಿಂದೆಹಿಂದೆ ಹೋಗಿ ಸೇತುವೆಯ ತುದಿಗೆ ಮುಟ್ಟಿದಾಗ ರವಿಕೆ ಬೆವರಿನಿಂದ ತೊಯ್ದಿತ್ತು. ಹಾದುಹೋಗುತ್ತ ಲಾರಿಯವನು ಎರಡೂ ಕೈ ಎತ್ತಿ ಮುಗಿದ. ಅವಳ ಜೀವಮಾನದಲ್ಲಿ ಯಾರಾದರೂ ಅವಳ ಕೆಲಸ ನೋಡಿ ಕೈಮುಗಿದದ್ದು ಅದೇ ಮೊದಲು. ಅವಳು ಆ ದಿನ ತುಂಬಾ ಸಂತೋಷಪಟ್ಟಳು, ಅದೂ ಬಾಯಿಬಿಟ್ಟು ಹೇಳಲಾಗದಂಥ ಸಂತೋಷ.

ಬರೋಡಾದಲ್ಲಿ ಠಸ್ಸೆಯ ಮೇಜಿನ ಹತ್ತಿರ ಗುಂಡಪ್ಪ ಮತ್ತೆ ಊಟದ ಮಾತು ತೆಗೆಯುವುದರೊಳಗೆ ಕಮಲಾಕ್ಷಿ ಕಿಟಕಿಯಿಂದ ಒಳಗೆ ನೋಡಿ ಎಲ್ಲವನ್ನೂ ತಿಳಿದುಕೊಂಡಳು. ಕಾಫಿಯ ಫ್ಲಾಸ್ಕು ಒಳಗೆ ತೂರಿಸಿ, “ಹೋಗ್ರೀ, ನಿಲ್ಬೇಡಿ. ಇವರನ್ನ ನಾನು ನೋಡ್ಕೋತೀನಿ” ಎಂದಳು.

ಎಂಟಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಡಬ್ಬಿ ಮೈದಾನಕ್ಕೆ ಬಂತು. ಹಡಗಿನಂಥ ಕಾರುಗಳಲ್ಲಿ ಕೆಲವು ದಾರಿಯಲ್ಲಿ ಕೆಟ್ಟಿದ್ದವು. ಒಂದು, ಮಾಲಿಕನ ಮಗನಿಗೆ ನಡುದಾರಿಯಲ್ಲಿ ಬೇಸರ ಬಂದದ್ದರಿಂದ ಮನೆಗೆ ಹೋಗಿತ್ತು. ಹೀಗಾಗಿ ಡಬ್ಬಿಗೆ ಜೋರಾದ ಚಪ್ಪಾಳೆ ಬಿತ್ತು. ಆ ಸದ್ದಿಗೆ ರಾಯರು ಎದ್ದು ಕನ್ನಡಕ ಸರಿಮಾಡಿಕೊಂಡರು. ಅತಿ ಚಿಕ್ಕ ಎಂಜಿನ್ನಿನ ಕಾರುಗಳ ವರ್ಗದಲ್ಲಿ ಡಬ್ಬಿಗೇ ಮೊದಲ ಬಹುಮಾನ. ಆ ವರ್ಗದಲ್ಲಿ ಇದ್ದದ್ದು ಒಂದೇ ಕಾರು.

ಮೋಟಾರು ಸಂಘದ ಕಾರ್ಯದರ್ಶಿ ಮೈಕು ಹಿಡಿದು ರಾಯರನ್ನು ಹೊಗಳಿದರು. ಇಡೀ ದಿನ ಸ್ವತಃ ಕಾರು ಓಡಿಸಿ, ಕೊನೆಯ ಒಂದು ಫರ್ಲಾಂಗನ್ನು ಹೆಂಡತಿಯ ಸಂತೋಷಕ್ಕಾಗಿ ಬಿಟ್ಟುಕೊಟ್ಟ ಅವರ ದೊಡ್ಡ ಮನಸ್ಸನ್ನು ಎಲ್ಲರೂ ಮೆಚ್ಚಬೇಕು ಎಂದರು. ಮೆಚ್ಚಿದರು. ಬೃಹನ್ನಳೆ ಯುದ್ಧ ಗೆದ್ದು ಬಂದಾಗ ವಿರಾಟನ ಊರಿನಲ್ಲಿ ಉತ್ತರಕುಮಾರನಿಗೆ ಆರತಿ ಎತ್ತಿದ ಜನ ಇನ್ನೂ ಇದ್ದಾರೆ, ಊರು ಬದಲಾಯಿಸಿದ್ದಾರೆ ಅಷ್ಟೆ. ರಾಯರು ಒಂದು ಗಳಿಗೆ ಹೆಂಡತಿಯ ಮುಖ ನೋಡಿದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಸುಲೋಚನಾ ಉಸಿರು ಹಿಡಿದಳು. ರಾಯರು ಮೈಕಿನ ಮುಂದೆ ಹೋಗಿ, ನರ್ಮದಾ ಸೇತುವೆಯ ಮೇಲೆ ಕಾರು ಓಡಿಸುವುದು ಎಷ್ಟು ಕಷ್ಟವೆಂಬುದನ್ನು ಇಂಗ್ಲಿಷಿನಲ್ಲಿ ವಿವರಿಸಿದರು. ಅವಳು ಕಾರಿನಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಮರುದಿನ ರಾಯರು ಕಾರಿನ ಕೀಲಿ ಹುಡುಕಿದರು. ಅದು ಹೆಂಡತಿಯ ಸೊಂಟದಲ್ಲಿ, ಉಗ್ರಾಣದ ಕೀಲಿಗಳ ಜೊತೆ ಇತ್ತು.

“ನಿಜಾ ಒಪ್ಪಿಕೊಳ್ರಿ, ಅವತ್ತ ಕೊಡ್ತೀನಿ” ಎಂದಳು.

ರಾಯರು ಕೀಲಿಯನ್ನೂ ನಿಜವನ್ನೂ ತೂಗಿ ನೋಡಿ, ಸುಮ್ಮನಿರುವುದೇ ಅನುಕೂಲವೆಂದು ಕಂಡುಕೊಂಡರು. ಹೆಸರು ಬೆಳೆಯಿತು. ಸಂಘಗಳು ಕರೆದಲ್ಲೆಲ್ಲ ಹೋಗಿ ರೇಸಿನ ಅನುಭವ ಹೇಳಿದರು. ಹೋಗುವುದಕ್ಕೆ ಕಾರು ಬೇಕಲ್ಲ, ಅದನ್ನು ಸುಲೋಚನಾ ಓಡಿಸಿದಳು. ಚಾಲನೆಯ ಮೇಲೆ ಭಾಷಣ ಮಾಡುವ ಮನುಷ್ಯ ಪ್ರತಿ ಊರಲ್ಲೂ ಎಡಗಡೆಯ ಬಾಗಿಲಿನಿಂದ ಇಳಿಯುತ್ತಿದ್ದ. ಜನ ಅದನ್ನೂ ದೊಡ್ಡ ಮನಸ್ಸು ಎಂದರು. ಸುಲೋಚನಾಳಿಗೆ ಸಿಟ್ಟು ಪೂರ್ತಿ ಹೋಗಿರಲಿಲ್ಲ, ಆದರೆ ಒಂದು ಸಮಾಧಾನವಿತ್ತು: ಪಾಪ, ಮಲಗಿದ್ದರು, ಆ ಸೇತುವೆಯ ಮೇಲೆ ಏನು ನಡೆಯಿತೆಂದು ಅವರಿಗೇನು ಗೊತ್ತು.

ಮೂರನೆಯ ವರ್ಷ ಸೂರತ್ತಿನ ಸಂಘದವರು ರಾಜ್ಯೋತ್ಸವಕ್ಕೆ ಕರೆದರು. ಭಾಷಣ ಮುಗಿದು ಎಲೆ ಹಾಕಿದಾಗ ನಾರಾಯಣ ಬಡಿಸುತ್ತ, “ಅಕ್ಕ, ಯಾವಾಗ ಬಂದ್ರೂ ನೀವೇ ಓಡಿಸ್ತೀರಲ್ಲ. ರಾಯರು ಈಗ ಓಡಿಸುದಿಲ್ವಾ?” ಎಂದು ಕೇಳಿದ.

“ಅವರು ರೇಸಿನ್ಯಾಗ ಅಷ್ಟ ಓಡಸ್ತಾರ್ರೀ” ಎಂದಳು ಸುಲೋಚನಾ.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ರಾಯರೂ ನಕ್ಕರು, ಆದರೆ ಪಾಯಸವನ್ನು ಎಲೆಯಲ್ಲೇ ಬಿಟ್ಟರು. ತಿರುಗಿ ಬರುವಾಗ ಅಂಕಲೇಶ್ವರ ದಾಟಿತು. ಇಳಿಬಿಸಿಲಿನಲ್ಲಿ ದೂರದಿಂದ ನರ್ಮದೆಯ ಸೇತುವೆ ಕಂಡಾಗ ಅವರು ಗಂಟಲು ಸರಿಮಾಡಿಕೊಂಡರು.

“ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ. ಅವತ್ತ ನೀ ಹಿಂದಕ್ಕ ತಗೊಂಡಿ ನೋಡು, ಆವಾಗ ನಾ ಎಚ್ಚರ ಇದ್ದೆ.”

“ಗೊರಕಿ ಹೊಡೀತಿದ್ರಿ.”

“ಲಾರಿಯಂವ ಮಾತಾಡಿದಾಗ ಎಚ್ಚರಾತು. ಎದ್ದ್ರ ನಾನ ಹಿಂದಕ್ಕ ತಗೋಬೇಕಾಗ್ತಿತ್ತು. ಅಂಜಿಕಿ ಬಂತು. ಕಣ್ಣ ಮುಚ್ಚಿ ಕೂತೆ.”

ಸುಲೋಚನಾ ಸೇತುವೆಯ ಬಾಯಿಗೆ ಬಂದು ಕಾರು ನಿಲ್ಲಿಸಿದಳು. ಮೂರು ವರ್ಷ ಅವಳು ಕ್ಷಮಿಸುತ್ತ ಬಂದದ್ದು ಒಬ್ಬ ಮಲಗಿದ ಮನುಷ್ಯನನ್ನು. ಆ ಮನುಷ್ಯ ಅಲ್ಲಿ ಇರಲೇ ಇಲ್ಲ. ಅವಳು ವಾಲುವಾಗ, ಬೆವರುವಾಗ, ದೇವರನ್ನು ಕರೆಯುವಾಗ ಪಕ್ಕದಲ್ಲಿ ಇವರು ಎಲ್ಲವನ್ನೂ ಕೇಳುತ್ತ ಕೂತಿದ್ದರು. ಆಮೇಲೆ ಹೋಗಿ ಮೈಕು ಹಿಡಿದಿದ್ದರು.

ಇಳಿದು ಹೋಗಿ ಎಡಗಡೆಯ ಬಾಗಿಲು ತೆರೆದು ಕೀಲಿಯನ್ನು ಅವರ ಕೈಯಲ್ಲಿಟ್ಟಳು.

“ನಿಜಾ ಹೇಳಿದ್ರ ಕೊಡ್ತೀನಿ ಅಂದಿದ್ದೆ. ತಗೋರಿ. ಓಡಸ್ರಿ.”

“ಇಲ್ಲೆ ಬ್ಯಾಡ, ಸುಲೋಚನಾ. ಬ್ರಿಜ್ ದಾಟಿದ ಮ್ಯಾಲ…”

“ಇಲ್ಲೇ.”

ರಾಯರು ಸರಿದು ಸ್ಟಿಯರಿಂಗ್ ಹಿಡಿದರು, ಅವಳು ಅವರ ಜಾಗದಲ್ಲಿ ಕೂತಳು. ಕೈಗವಸು ಮನೆಯಲ್ಲಿತ್ತು. ಎದುರಿನಿಂದ ಒಂದು ಲಾರಿಯ ತಲೆ ಕಾಣಿಸಿತು, ಹಿಂದಿನಿಂದ ಇನ್ನೊಂದು ಹಾರ್ನ್ ಹೊಡೆಯಿತು.

“ನೀ ಒಂದಿಷ್ಟ ಆ ಕಡೆ ನೋಡಿ ಹೇಳು. ಜಾಗಾ ಅದ ಏನು?”

ಡಬ್ಬಿ ಮೊದಲನೆಯ ಗೇರಿನಲ್ಲಿ ನಡುಗುತ್ತ ಸೇತುವೆ ಹತ್ತಿತು. ಸುಲೋಚನಾ ಸೀಟಿಗೆ ತಲೆಯಾನಿಸಿ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ನಿದ್ದೆ ಬಂದಿರಲಿಲ್ಲ.